ಬಸುರಿಯ ಕೈಗೆ ರಿಪೋರ್ಟ್ ಕೊಟ್ಟರೆ ಸಾಲದು, ಎರಡು ಮಾತೂ ಹೇಳಿ

ಮಾನ್ಯ ಸಂಪಾದಕರೇ,

ನಾನು ಬೆಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಸಿಸ್ಟರ್ ಆಗಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಿಯಾದವಳು. ಕೊನೆಯ ವರ್ಷಗಳೆಲ್ಲ ಬಸುರಿಯರ ಒಪಿಡಿಯಲ್ಲೇ ಕಳೆದವು. ಈಗ ವಿಜಯನಗರದಲ್ಲಿ ಮನೆಯಲ್ಲೇ ಇದ್ದೇನೆ. ಆದರೂ ಅಕ್ಕಪಕ್ಕದ ಬೀದಿಯ ಹೆಣ್ಣುಮಕ್ಕಳು ರಿಪೋರ್ಟ್ ಹಿಡಿದುಕೊಂಡು ಬರುವುದು ನಿಂತಿಲ್ಲ. "ಆಂಟಿ, ಇದೇನು ಬರೆದಿದ್ದಾರೆ ನೋಡಿ" ಅಂತ ಬಾಗಿಲಲ್ಲಿ ನಿಲ್ಲುತ್ತಾರೆ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಎಲ್ಲ ಇದ್ದದ್ದೇ. ಈಚೆಗೆ ಅವುಗಳ ಜೊತೆ ಇನ್ನೊಂದು ಹೆಸರು ಕಾಣುತ್ತಿದೆ: ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಅದರ ಮುಂದೆ 'ಪಾಸಿಟಿವ್' ಅಂತ ಇದ್ದರೆ ಆ ಮನೆಯಲ್ಲಿ ಏನೇನಾಗುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ದಯವಿಟ್ಟು ಪ್ರಕಟಿಸಿ.

ಕಾಮಾಕ್ಷಿಪಾಳ್ಯದ ಕಡೆಯ ಒಬ್ಬ ಹುಡುಗಿ. ಗಾರ್ಮೆಂಟ್ಸ್ ಕೆಲಸ, ಚೊಚ್ಚಲ ಬಸುರಿ, ಐದನೇ ತಿಂಗಳು. ಬಿಳಿ ಸೆರಗು ಜಾಸ್ತಿ ಆಯಿತು ಅಂತ ಒಂದು ಖಾಸಗಿ ಕ್ಲಿನಿಕ್‌ಗೆ ಹೋಗಿದ್ದಾಳೆ. ಅವರು ಏನೇನೋ ಪರೀಕ್ಷೆ ಒಟ್ಟಿಗೆ ಬರೆದುಕೊಟ್ಟಿದ್ದಾರೆ. ರಿಪೋರ್ಟ್ ಬಂದದ್ದು ಗಂಡನ ಮೊಬೈಲ್‌ಗೆ, ರಾತ್ರಿ, ಇಂಗ್ಲಿಷಿನಲ್ಲಿ. ಹೇಳುವವರು ಯಾರೂ ಇಲ್ಲ. ಆತ ಮೊದಲು ಎಚ್‌ಐವಿ ಅಂದುಕೊಂಡ. ಆಮೇಲೆ ಮೊಬೈಲಲ್ಲಿ ಹುಡುಕಿದಾಗ ಕ್ಯಾನ್ಸರ್ ಅಂತ ಬಂತು. ಇನ್ನೂ ಕೆಳಗೆ ನೋಡಿದರೆ, ಗಂಡು ಹೆಣ್ಣಿನ ಸಂಬಂಧದಿಂದ ಹರಡುವುದು ಅಂತ ಬಂತು. ಅಲ್ಲಿಗೆ ಮುಗಿಯಿತು. "ನಿನಗೆ ಇದು ಎಲ್ಲಿಂದ ಬಂತು" ಅನ್ನುವ ಪ್ರಶ್ನೆ ಶುರುವಾಯಿತು. ಅತ್ತೆ ಅವಳ ತಟ್ಟೆ ಲೋಟ ಬೇರೆ ಇಟ್ಟರು. ಆ ಹುಡುಗಿ ನನ್ನ ಮುಂದೆ ಕೂತು ಕೇಳಿದ ಮೊದಲ ಮಾತು, "ಮಗು ತೆಗೆಸಬೇಕಾ ಆಂಟಿ?"

ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಆದರೆ ಬೇಡ ಅಂತಲೂ ಯಾರೂ ಹೇಳಿರಲಿಲ್ಲ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಈ ವೈರಸ್ಸು ನೆಗಡಿಯ ಥರ ಸರ್ವೇಸಾಮಾನ್ಯ. ಇನ್ನೂರಕ್ಕೂ ಜಾಸ್ತಿ ಬಗೆಗಳಿವೆ. ಸಂಸಾರ ಮಾಡುವ ಬಹುಪಾಲು ಗಂಡಸರು, ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ತಗಲುತ್ತದೆ, ತಗಲಿದ್ದು ಗೊತ್ತೂ ಆಗುವುದಿಲ್ಲ. ಹತ್ತರಲ್ಲಿ ಒಂಬತ್ತು ಜನಕ್ಕೆ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತದೆ. ಚರ್ಮಕ್ಕೆ ಚರ್ಮ ತಾಗಿ ಬರುವಂಥದ್ದು, ಹಾಗಾಗಿ ಕಾಂಡೋಮ್ ಕೂಡ ಪೂರ್ತಿ ತಡೆಯುವುದಿಲ್ಲ. ತಟ್ಟೆ, ಲೋಟ, ಟವೆಲ್ ಬೇರೆ ಇಡುವ ಅಗತ್ಯ ಏನೂ ಇಲ್ಲ. ಮುಖ್ಯವಾದ ಮಾತು ಇನ್ನೊಂದಿದೆ. ಇದು ಮೈಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಬಸುರಿಯಲ್ಲಿ ಮೈಯ ರಕ್ಷಣಾ ಶಕ್ತಿಯ ರೀತಿ ಬದಲಾಗುವುದರಿಂದ, ಹಳೆಯದು ಈಗ ತಲೆ ಎತ್ತಬಹುದು. ಯಾವಾಗ ಬಂತು, ಯಾರಿಂದ ಬಂತು ಅಂತ ಹೇಳುವ ಪರೀಕ್ಷೆ ಈ ಪ್ರಪಂಚದಲ್ಲೇ ಇಲ್ಲ. ಮದುವೆಗೆ ಮುಂಚೆ ಗಂಡನಿಗೆ ಇದ್ದದ್ದೂ ಆಗಿರಬಹುದು. ಗಂಡಸರಿಗೆ ಇದಕ್ಕೆ ಮಾಮೂಲಿ ಪರೀಕ್ಷೆಯೇ ಇಲ್ಲವಾದ್ದರಿಂದ ಸಿಕ್ಕಿಬೀಳುವುದು ಯಾವಾಗಲೂ ಹೆಂಗಸೇ. ಇದೆಂಥ ನ್ಯಾಯ?

ಗಂಡನನ್ನೂ ಕರೆಸಿ ಕೂರಿಸಿಕೊಂಡು ಇಷ್ಟನ್ನೇ ಹೇಳಿದೆ. ಆತ ಒಳ್ಳೆಯ ಹುಡುಗನೇ. ಹೆದರಿದ್ದ ಅಷ್ಟೆ. ಹೆದರಿಕೆಗೆ ಕಾರಣ ಆ ವೈರಸ್ ಅಲ್ಲ, ರಿಪೋರ್ಟನ್ನು ಒಂದೂ ಮಾತಿಲ್ಲದೆ ಕಳಿಸಿದ ರೀತಿ.

ನಮ್ಮ ಜೊತೆ ಕೆಲಸ ಮಾಡಿದ ಡಾಕ್ಟರ್ ಒಬ್ಬರು ನನಗೆ ಒಂದು ಅಧ್ಯಯನದ ವಿಷಯ ತಿಳಿಸಿದರು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 2010ರಿಂದ 2016ರವರೆಗೆ 1,050 ಬಸುರಿಯರನ್ನು ಸೇರಿಸಿಕೊಂಡು ನೋಡಿದ್ದಾರೆ. ಮೊದಲ ಮೂರು ತಿಂಗಳಲ್ಲೇ ನೂರಕ್ಕೆ ನಲವತ್ತು ಜನರಲ್ಲಿ ಈ ವೈರಸ್ ಇತ್ತು. ವೈರಸ್ ಇದ್ದ ತಾಯಂದಿರಿಗೆ ಹುಟ್ಟಿದ ಮಕ್ಕಳನ್ನೂ ಪರೀಕ್ಷೆ ಮಾಡಿದ್ದಾರೆ. ಹುಟ್ಟಿದಾಗ ಅಥವಾ ಮೂರು ತಿಂಗಳಲ್ಲಿ ನೂರಕ್ಕೆ ಏಳು ಮಕ್ಕಳಲ್ಲಿ ಸಿಕ್ಕಿದೆ, ಆರು ತಿಂಗಳ ಹೊತ್ತಿಗೆ ಒಂದರಲ್ಲೂ ಉಳಿದಿರಲಿಲ್ಲ. 16 ಮತ್ತು 18ನೇ ಬಗೆಯ ವೈರಸ್ ಬಸಿರಿನ ಉದ್ದಕ್ಕೂ ಹಾಗೇ ಉಳಿದುಕೊಂಡವರಲ್ಲಿ ಮಾತ್ರ ದಿನ ತುಂಬುವ ಮೊದಲೇ ಹೆರಿಗೆ ಆಗುವುದು ಜಾಸ್ತಿ ಕಂಡಿದೆ. ಕೆನಡಾದ ಲೆಕ್ಕ ನಮ್ಮ ಯಶವಂತಪುರಕ್ಕೆ ಹಾಗೇ ಒಪ್ಪುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ನೂರಕ್ಕೆ ನಲವತ್ತು ಬಸುರಿಯರಲ್ಲಿ ಇರಬಹುದಾದ ಒಂದು ವೈರಸ್ಸಿಗೆ ನಮ್ಮ ಮನೆಗಳಲ್ಲಿ ಸಂಸಾರ ಮುರಿಯುವ ಮಟ್ಟದ ಜಗಳ ಆಗಬಾರದು, ಅಲ್ವಾ?

ಇನ್ನು ಹೆರಿಗೆಯ ವಿಷಯ. ಎಚ್‌ಪಿವಿ ಇದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. 6 ಮತ್ತು 11ನೇ ಬಗೆಯಿಂದ ಕೆಲವರಿಗೆ ಜನನಾಂಗದ ಹತ್ತಿರ ನರಹುಲಿ ಏಳುತ್ತದೆ. ಬಸುರಿಯಲ್ಲಿ ಅದು ಬೇಗ ಬೆಳೆಯುತ್ತದೆ, ಹೆಚ್ಚುತ್ತದೆ, ಒಮ್ಮೊಮ್ಮೆ ಹೂಕೋಸಿನಂಥ ದೊಡ್ಡ ಗೊಂಚಲಾಗುವುದೂ ಉಂಟು. ಮಗು ಬರುವ ದಾರಿಗೆ ಅಡ್ಡ ಆಗುವಷ್ಟು, ಹೆರಿಗೆಯಲ್ಲಿ ಹರಿದು ರಕ್ತ ಹೋಗುವಷ್ಟು ದೊಡ್ಡದಾಗಿದ್ದರೆ ಆಪರೇಷನ್ ಮಾಡುತ್ತಾರೆ. ಇಲ್ಲದಿದ್ದರೆ ಮಾಮೂಲಿ ಹೆರಿಗೆಯೇ. ನರಹುಲಿಗೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದು ಹಚ್ಚಿಕೊಳ್ಳುವವರಿಗೆ ಒಂದು ಮಾತು. ಪೊಡೊಫಿಲಿನ್ ಇರುವ ಔಷಧ ಬಸುರಿಯರಿಗೆ ಕೂಡದು. ಶೀತದಿಂದ ಸುಡುವ ಚಿಕಿತ್ಸೆ ಇದೆ, ಡಾಕ್ಟರ್ ಕೈಯಲ್ಲೇ ಹಚ್ಚಿಸಿಕೊಳ್ಳುವ ಆಸಿಡ್ ಇದೆ. ಅವುಗಳಿಂದ ತೊಂದರೆ ಇಲ್ಲ. ತಾಯಿಯ ಈ ವೈರಸ್ಸಿನಿಂದ ಮಗುವಿನ ಗಂಟಲಲ್ಲಿ ಗುಳ್ಳೆ ಏಳುವ ಕಾಯಿಲೆ ಇದೆ ನಿಜ, ಅದು ಬಹಳ ಅಪರೂಪ. ಸಿಸೇರಿಯನ್ ಮಾಡಿದರೆ ಅದು ಖಂಡಿತ ತಪ್ಪುತ್ತದೆ ಅನ್ನುವ ಭರವಸೆಯೂ ಇಲ್ಲ. ಎದೆಹಾಲು ಧಾರಾಳವಾಗಿ ಕೊಡಬಹುದು. ವೈರಸ್ಸನ್ನೇ ಓಡಿಸುವ ಮಾತ್ರೆ ಯಾವುದೂ ಇಲ್ಲ, ಹಾಗೆ ಹೇಳಿ ಮಾರುವವರನ್ನು ನಂಬಬೇಡಿ.

ಬಸುರಿಯಲ್ಲಿ ಪ್ಯಾಪ್ ಪರೀಕ್ಷೆ, ಅಂದರೆ ಗರ್ಭಕೋಶದ ಬಾಯಿಯ ಜೀವಕೋಶ ಸವರಿ ತೆಗೆದು ನೋಡುವ ಪರೀಕ್ಷೆ, ಮಾಡಬಹುದಾ ಅಂತ ಎಷ್ಟೋ ಜನ ಕೇಳುತ್ತಾರೆ. ಮಾಡಬಹುದು. ಗರ್ಭಕೋಶದ ಬಾಯಿಯನ್ನು ಕಾಲ್ಪೊಸ್ಕೋಪ್‌ನಲ್ಲಿ ದೊಡ್ಡದು ಮಾಡಿ ನೋಡಬಹುದು, ಅನುಮಾನ ಬಲವಾಗಿದ್ದರೆ ಚೂರು ತೆಗೆದು ಪರೀಕ್ಷೆಗೂ ಕಳಿಸಬಹುದು. ಒಳಗಡೆ ಕೆರೆದು ತೆಗೆಯುವುದನ್ನು ಮಾತ್ರ ಮಾಡುವುದಿಲ್ಲ. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಕಂಡರೆ ಚಿಕಿತ್ಸೆಯನ್ನು ಹೆರಿಗೆ ಆಗುವವರೆಗೆ ಮುಂದೆ ಹಾಕುತ್ತಾರೆ, ಯಾಕೆಂದರೆ ಬಹಳ ಜನರಲ್ಲಿ ಅದು ಹೆರಿಗೆ ಆದಮೇಲೆ ಕಡಿಮೆ ಆಗುತ್ತದೆ. ಕ್ಯಾನ್ಸರೇ ಇದ್ದರೆ ಆ ಮಾತು ಬೇರೆ, ಆಗ ಎಷ್ಟನೇ ತಿಂಗಳು, ಕಾಯಿಲೆ ಯಾವ ಹಂತದಲ್ಲಿದೆ ಅಂತ ನೋಡಿ ಡಾಕ್ಟರೇ ತೀರ್ಮಾನ ಮಾಡಬೇಕು. ಬಸುರಿಯಲ್ಲಿ ರಕ್ತ ಕಂಡರೆ ಎಲ್ಲರೂ ಮಗುವಿಗೆ ಏನಾಯಿತೋ ಅಂತ ಸ್ಕ್ಯಾನಿಂಗ್‌ಗೆ ಓಡುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಮಗು ಚೆನ್ನಾಗಿದ್ದರೆ ಮನೆಗೆ ಕಳಿಸುತ್ತಾರೆ. ಮತ್ತೆ ಮತ್ತೆ ರಕ್ತ ಕಾಣುತ್ತಿದ್ದರೆ, ಅದರಲ್ಲೂ ಗಂಡನ ಜೊತೆ ಸೇರಿದ ಮೇಲೆ ಕಾಣುತ್ತಿದ್ದರೆ, ಸ್ಪೆಕ್ಯುಲಂ (ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸಾಧನ) ಹಾಕಿ ಗರ್ಭಕೋಶದ ಬಾಯಿಯನ್ನು ಒಮ್ಮೆ ಕಣ್ಣಾರೆ ನೋಡಿ ಅಂತ ಡಾಕ್ಟರನ್ನು ಕೇಳಿ. ಕೇಳುವುದರಲ್ಲಿ ನಾಚಿಕೆ ಬೇಡ.

ಇಲ್ಲಿಯವರೆಗೆ ಬರೆದದ್ದು ಹೆದರಿಕೆ ಕಳೆಯುವುದಕ್ಕೆ. ನಿಜಕ್ಕೂ ಹೇಳಬೇಕಾದದ್ದು ಮುಂದಿದೆ.

ಹತ್ತರಲ್ಲಿ ಒಂಬತ್ತು ಜನಕ್ಕೆ ಹೋಗುತ್ತದೆ ಅಂದೆ. ಉಳಿದ ಒಬ್ಬಳ ಕಥೆ ಏನು? ವೈರಸ್ ಹೋಗದೆ ಕೂತರೆ, ಅದರಲ್ಲೂ 16, 18ನೇ ಬಗೆ ಕೂತರೆ, ಹದಿನೈದು ಇಪ್ಪತ್ತು ವರ್ಷದಲ್ಲಿ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಆಗಬಹುದು. ಈ ಕ್ಯಾನ್ಸರಿನ ಹತ್ತರಲ್ಲಿ ಏಳು ಕೇಸು ಈ ಎರಡೇ ಬಗೆಯಿಂದ ಬರುವುದು. 2022ರ ಅಂದಾಜಿನಲ್ಲಿ ನಮ್ಮ ದೇಶದಲ್ಲಿ ಒಂದೇ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ಕೇಸು, ಸುಮಾರು 80 ಸಾವಿರ ಸಾವು. ಬೆಂಗಳೂರಿನಲ್ಲಿ ಇದು ಕೆಲವು ದಶಕಗಳಿಂದ ಇಳಿಯುತ್ತಾ ಬಂದಿದೆ, ಸ್ತನ ಕ್ಯಾನ್ಸರ್ ಮುಂದೆ ಹೋಗಿದೆ, ಕಿದ್ವಾಯಿ ಆಸ್ಪತ್ರೆಯ ನೋಂದಣಿ ಲೆಕ್ಕ ಇದನ್ನೇ ಹೇಳುತ್ತದೆ. ಸಂತೋಷ. ಆದರೆ ಹದಿನೈದು ಇಪ್ಪತ್ತು ವರ್ಷ ಸಮಯ ಕೊಟ್ಟು ಬರುವ ಕಾಯಿಲೆಯಲ್ಲಿ ಒಬ್ಬಳು ಸತ್ತರೂ ಅದು ನಮ್ಮ ಲೋಪ ಅಂತಲೇ ನಾನು ನಂಬಿದ್ದೇನೆ. ಸೀರೆ ಒದ್ದೆಯಾಗಿ ವಾಸನೆ ಬರುವ ಸ್ಥಿತಿಯಲ್ಲಿ ಬರುವ ಹೆಂಗಸನ್ನು ನೋಡಿದವರಿಗೆ ಅಂಕಿ ಅಂಶ ಬೇಕಿಲ್ಲ. ಅವಳಿಗೆ ಮೂರೋ ನಾಲ್ಕೋ ಹೆರಿಗೆ ಆಗಿರುತ್ತದೆ. ಅಂದರೆ ಅಷ್ಟೂ ಸಲ ಅವಳು ಯಾವುದೋ ಆಸ್ಪತ್ರೆಯ ಟೇಬಲ್ ಮೇಲೆ ಮಲಗಿದ್ದಾಳೆ. ಒಮ್ಮೆಯೂ ಯಾರೂ ಗರ್ಭಕೋಶದ ಬಾಯಿ ಪರೀಕ್ಷೆಯ ಮಾತು ಎತ್ತಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 30ರಿಂದ 49 ವರ್ಷದ ಹೆಂಗಸರಲ್ಲಿ ಈ ಪರೀಕ್ಷೆ ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕು ಅಂತ ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತದೆ. ಕಾಗದದಲ್ಲಿ ಎಲ್ಲ ಇದೆ. ಹೆಂಗಸು ಬರುವುದಿಲ್ಲ ಅನ್ನುತ್ತಾರೆ ಅಧಿಕಾರಿಗಳು. ನಾನು ಹೇಳುತ್ತೇನೆ, ಅವಳು ಬರುತ್ತಾಳೆ. ಬಸುರಿಯ ಚೆಕಪ್‌ಗೆ ಬಂದೇ ಬರುತ್ತಾಳೆ, ಮತ್ತು ಒಬ್ಬಳೇ ಬರುವುದಿಲ್ಲ.

ಪ್ರತಿ ತಿಂಗಳ 9ನೇ ತಾರೀಖು ಯಾವುದಾದರೂ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಹೋಗಿ ನೋಡಿ. ಸುರಕ್ಷಿತ ಮಾತೃತ್ವ ಅಭಿಯಾನದ ದಿನ ಅದು, 2016ರಿಂದ ನಡೆಯುತ್ತಿದೆ. ಕಾರಿಡಾರ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಸುರಿಯ ಪಕ್ಕದಲ್ಲಿ ಅವಳ ಅಮ್ಮ ಅಥವಾ ಅತ್ತೆ ಕೂತಿರುತ್ತಾರೆ. ನಲವತ್ತೈದೋ ನಲವತ್ತೆಂಟೋ ವಯಸ್ಸು. ಮೊಸರನ್ನದ ಡಬ್ಬಿ, ನೀರಿನ ಬಾಟಲಿ, ಸ್ಕ್ಯಾನಿಂಗ್ ಕವರು ಎಲ್ಲ ಅವರ ಬ್ಯಾಗಿನಲ್ಲೇ. ಶಾಲೆಗೆ ರಜೆ ಇದ್ದರೆ ಹನ್ನೊಂದು ಹನ್ನೆರಡು ವರ್ಷದ ತಂಗಿಯೋ ನಾದಿನಿಯೋ ಕೂಡ ಜೊತೆಗಿರುತ್ತಾಳೆ. ಆ ಬೆಂಚಿನ ಮೇಲೆ ಮೂರು ವಯಸ್ಸಿನ ಹೆಣ್ಣುಗಳು ಸಾಲಾಗಿ ಕೂತಿದ್ದಾರೆ. ಆ ತಂಗಿಗೆ ಈಗ ಲಸಿಕೆ ಬೇಕು. ಬಸುರಿಗೆ ತಿಳಿವಳಿಕೆ ಬೇಕು, ಹೆರಿಗೆ ಆದಮೇಲೆ ಪರೀಕ್ಷೆಯ ದಿನ ಗೊತ್ತುಮಾಡಬೇಕು. ಎಲ್ಲರಿಗಿಂತ ಅರ್ಜೆಂಟಾಗಿ ಪರೀಕ್ಷೆ ಬೇಕಾದವರು ಬ್ಯಾಗ್ ಹಿಡಿದು ಕೂತ ಆ ಅಮ್ಮ. ಅವರನ್ನು ನಾವು ಯಾರೂ ಮಾತಾಡಿಸುವುದೇ ಇಲ್ಲ. "ಅಮ್ಮಾ, ಸ್ವಲ್ಪ ಹೊರಗಿರಿ" ಅನ್ನುತ್ತೇವೆ ಅಷ್ಟೆ.

ಪರೀಕ್ಷೆ ಅಂದರೆ ದೊಡ್ಡ ಮೆಷಿನ್ ಬೇಕು ಅಂತ ಜನ ತಿಳಿದಿದ್ದಾರೆ. ವಿಐಎ ಅನ್ನುವ ಪರೀಕ್ಷೆಯನ್ನು ನಾವು ಹೇಗೆ ಮಾಡುತ್ತೇವೆ ಹೇಳುತ್ತೇನೆ. ಟೇಬಲ್ ಮೇಲೆ ಮಲಗಿಸಿ ಸ್ಪೆಕ್ಯುಲಂ ಹಾಕಿ ಲೈಟ್ ಬಿಟ್ಟರೆ ಗರ್ಭಕೋಶದ ಬಾಯಿ ಕಾಣುತ್ತದೆ, ಗುಲಾಬಿ ಬಣ್ಣ, ನುಣ್ಣಗೆ, ನಡುವೆ ಸಣ್ಣ ತೂತು. ಹೆರಿಗೆ ಆದವರಿಗೆ ಆ ತೂತು ಅಡ್ಡಗೆರೆ ಥರ ಇರುತ್ತದೆ. ನೀರು ಬೆರೆಸಿದ ಅಸಿಟಿಕ್ ಆಸಿಡ್‌ನಲ್ಲಿ, ಅಂದರೆ ವಿನಿಗರ್‌ನಲ್ಲಿ ಇರುವುದೇ, ಹತ್ತಿ ಅದ್ದಿ ಅಲ್ಲಿ ಒತ್ತಿ ಹಿಡಿಯುತ್ತೇವೆ. ಮೂಗಿಗೆ ಆ ಹುಳಿ ವಾಸನೆ ಬರುತ್ತದೆ. ಗೋಡೆ ಗಡಿಯಾರ ನೋಡಿಕೊಂಡು ಒಂದು ನಿಮಿಷ ಕಾಯುತ್ತೇವೆ. ಎಲ್ಲ ಸರಿ ಇದ್ದರೆ ಬಣ್ಣ ಹಾಗೇ ಇರುತ್ತದೆ. ಬದಲಾವಣೆ ಆಗಿದ್ದರೆ ಆ ಜಾಗ ಮಾತ್ರ ಬೆಳ್ಳಗೆ, ಅಂಚು ಕಟ್ಟಿದ ಹಾಗೆ ಎದ್ದು ಕಾಣುತ್ತದೆ. ಮಲಗಿದವಳಿಗೆ ಸ್ವಲ್ಪ ಚುರುಕ್ ಅನ್ನಬಹುದು, ಅಷ್ಟೇ. ಟ್ರೈನಿಂಗ್ ಆದ ಸಿಸ್ಟರ್ ಸಾಕು, ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಎಚ್‌ಪಿವಿಯನ್ನೇ ಹುಡುಕುವ ಡಿಎನ್‌ಎ ಪರೀಕ್ಷೆ ಇದಕ್ಕಿಂತ ಒಳ್ಳೆಯದು, ಅದಕ್ಕೆ ಹೆಂಗಸು ತಾನೇ ಮಾದರಿ ತೆಗೆದುಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಮೊದಲು ಮಾಡಿ ಅನ್ನುತ್ತದೆ. ಅದು ಎಲ್ಲ ಕಡೆ ಬರುವ ತನಕ ಇದಾದರೂ ನಡೆಯಲಿ. ಮಗಳ ಸ್ಕ್ಯಾನಿಂಗ್ ಮುಗಿಯುವಷ್ಟರಲ್ಲಿ ಅಮ್ಮನದು ಮುಗಿದಿರುತ್ತದೆ.

ಬಸುರಿಯ ವಿಷಯಕ್ಕೆ ಬಂದರೆ, ನಮ್ಮ ಊರಿನ ಪದ್ಧತಿಯೇ ಒಂದು ತೊಡಕು. ಚೆಕಪ್ ಬೆಂಗಳೂರಿನಲ್ಲಿ, ಹೆರಿಗೆ ತವರಿನಲ್ಲಿ. ಏಳನೇ ತಿಂಗಳ ಸೀಮಂತ ಮುಗಿದ ಕೂಡಲೇ ಹುಡುಗಿ ಕುಣಿಗಲ್‌ಗೋ ಮಳವಳ್ಳಿಗೋ ಹೊರಡುತ್ತಾಳೆ. ತಾಯಿ ಕಾರ್ಡ್ ಜೊತೆಗೆ ಹೋಗುತ್ತದೆ, ಖಾಸಗಿ ಲ್ಯಾಬಿನ ಕವರ್ ಮಾತ್ರ ಇಲ್ಲಿ ಬೀರುವಿನಲ್ಲೇ ಉಳಿಯುತ್ತದೆ. ಅಲ್ಲಿ ಹೆರಿಗೆ ಮಾಡಿಸುವ ಡಾಕ್ಟರಿಗೆ ಎಚ್‌ಪಿವಿ ಇದೆ ಅಂತ ಗೊತ್ತೇ ಆಗುವುದಿಲ್ಲ. ಬಾಣಂತನ ಮುಗಿಸಿ ಐದು ತಿಂಗಳಿಗೆ ವಾಪಸ್ ಬರುವ ಹೊತ್ತಿಗೆ ಆ ರಿಪೋರ್ಟ್ ಯಾರಿಗೂ ನೆನಪಿರುವುದಿಲ್ಲ. ಮಗು ಬಂತಲ್ಲ, ಇನ್ನೇನು. ಪಾಸಿಟಿವ್ ಅಂತ ಬಂದಾಗ ಮನೆಯನ್ನೇ ತಲೆಕೆಳಗು ಮಾಡಿದ ಅದೇ ಕಾಗದವನ್ನು, ನಿಜವಾಗಿ ನೋಡಬೇಕಾದ ಹೊತ್ತಿನಲ್ಲಿ ಯಾರೂ ನೋಡುವುದಿಲ್ಲ.

ಮಗುವಿನ ಲಸಿಕೆ ಮಾತ್ರ ಯಾರೂ ಮರೆಯುವುದಿಲ್ಲ. ಆರು ವಾರಕ್ಕೆ, ಹತ್ತು ವಾರಕ್ಕೆ, ಹದಿನಾಲ್ಕು ವಾರಕ್ಕೆ ಪೆಂಟಾವೇಲೆಂಟ್, ಪೋಲಿಯೋ ಅಂತ ತಪ್ಪದೆ ಬರುತ್ತಾರೆ. ನಲವತ್ತು ದಿನ ಬಾಣಂತಿ ಹೊರಗೆ ಹೋಗಬಾರದು ಅನ್ನುವ ಮನೆಗಳಲ್ಲೂ ಆರು ವಾರದ ಹೊತ್ತಿಗೆ ಆ ಕಟ್ಟು ಮುಗಿದಿರುತ್ತದೆ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಬಂದ ಬಾಣಂತಿಯನ್ನು ಬೆಂಚಿನ ಮೇಲೆ ಕೂರಿಸಿ, ಮಗುವಿನ ತೊಡೆಗೆ ಇಂಜೆಕ್ಷನ್ ಕೊಟ್ಟು, ಜ್ವರದ ಡ್ರಾಪ್ಸ್ ಬರೆದು ಕಳಿಸುತ್ತೇವೆ. ತಾಯಿಯನ್ನು ಯಾರೂ ಏನೂ ಕೇಳುವುದಿಲ್ಲ. ಗರ್ಭಕೋಶದ ಬಾಯಿ ಮೊದಲಿನ ಹಾಗೆ ಆಗಿರುವ ಸಮಯ ಅದು. ಬಸುರಿಯಲ್ಲಿ ಪ್ಯಾಪ್ ರಿಪೋರ್ಟಿನಲ್ಲೋ ಎಚ್‌ಪಿವಿ ರಿಪೋರ್ಟಿನಲ್ಲೋ ಏನಾದರೂ ಬಂದಿದ್ದವರನ್ನು ಮತ್ತೆ ನೋಡುವುದಕ್ಕೆ ಇದೇ ಸರಿಯಾದ ಹೊತ್ತು. 30 ದಾಟಿದ ತಾಯಂದಿರಿಗೆ, ಬೆಂಗಳೂರಿನಲ್ಲಿ ಈಗ ಅಂಥವರು ಬಹಳ ಜನ, ರಿಪೋರ್ಟ್ ಇರಲಿ ಇಲ್ಲದಿರಲಿ ತಪಾಸಣೆ ಆಗಲಿ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಯರಿಗೆ ಎಚ್‌ಪಿವಿ ಪರೀಕ್ಷೆ ಸುಮ್ಮಸುಮ್ಮನೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಆ ವಯಸ್ಸಿನಲ್ಲಿ ಬಂದು ಹೋಗುವುದೇ ಜಾಸ್ತಿ. ಗಾಬರಿಗೆ ದಾರಿ, ಲ್ಯಾಬಿಗೆ ದುಡ್ಡು. ಅವರಿಗೆ 30 ಆಗುವ ವರ್ಷವನ್ನು ತಾಯಿ ಕಾರ್ಡಿನ ಮೇಲೆ ಬರೆದು ಕಳಿಸಿ, ಸಾಕು.

ಲಸಿಕೆಯ ಬಗ್ಗೆಯೂ ಗೊಂದಲ ಬಹಳ. ಬಸುರಿಯರಿಗೆ ಈ ಲಸಿಕೆ ಕೊಡುವುದಿಲ್ಲ. ಬಸುರಿ ಅಂತ ಗೊತ್ತಾಗುವ ಮೊದಲೇ ಒಂದು ಡೋಸ್ ಆಗಿಬಿಟ್ಟಿದ್ದರೆ ಹೆದರಬೇಡಿ, ಮಗು ತೆಗೆಸುವ ಮಾತೇ ಇಲ್ಲ. ಉಳಿದ ಡೋಸ್ ಹೆರಿಗೆ ಆದಮೇಲೆ. ಹಾಲುಣಿಸುವಾಗ ಹಾಕಿಸಿಕೊಳ್ಳಬಹುದು. ಆದರೆ ನಿಜವಾದ ಪ್ರಯೋಜನ 9ರಿಂದ 14 ವರ್ಷದ ಹುಡುಗಿಯರಿಗೆ, ವೈರಸ್ ತಗಲುವ ಮೊದಲೇ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು, ಹೊರಗೆ ಹಾಕಿಸಿದರೆ ಒಂದು ಡೋಸಿಗೆ ಸುಮಾರು ಎರಡು ಸಾವಿರ ರೂಪಾಯಿ. ಒಂದೇ ಡೋಸ್ ಕೊಟ್ಟರೂ ನಡೆಯುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಹೇಳಿದೆ. 9ರಿಂದ 14ರ ಹುಡುಗಿಯರ ಲಸಿಕೆಗೆ ಉತ್ತೇಜನ ಕೊಡುತ್ತೇವೆ ಅಂತ ಕೇಂದ್ರ ಸರ್ಕಾರ 2024ರ ಮಧ್ಯಂತರ ಬಜೆಟ್‌ನಲ್ಲಿ ಹೇಳಿತ್ತು. ಶಾಲೆಯಲ್ಲಿ ಲಸಿಕೆ ಅಂದಾಗ ಸಹಿ ಹಾಕಲು ಹಿಂದೆ ಮುಂದೆ ನೋಡುವುದು ಮನೆಯ ಹಿರಿಯ ಹೆಂಗಸೇ. ಒಪಿಡಿಯ ಬೆಂಚಿನ ಮೇಲೆ ಅವರಿಗೆ ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಆ ಸಹಿ ತಾನಾಗೇ ಬೀಳುತ್ತದೆ.

ನಾನು ಕೇಳುವುದು ಇಷ್ಟು. ಎಚ್‌ಪಿವಿ ಫಲಿತಾಂಶವನ್ನು ಯಾವ ಲ್ಯಾಬೂ ಮೊಬೈಲ್‌ಗೆ ತಳ್ಳಿ ಸುಮ್ಮನಾಗಬಾರದು, ಬರೆದುಕೊಟ್ಟ ಡಾಕ್ಟರ್ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಬೇಕು. ತಾಯಿ ಕಾರ್ಡಿನಲ್ಲಿ ಇದಕ್ಕೊಂದು ಸಾಲು ಇರಲಿ, ಆಗ ಕುಣಿಗಲ್‌ನ ಡಾಕ್ಟರಿಗೂ ಗೊತ್ತಾಗುತ್ತದೆ. ಬೇರೆಯವರ ಕಣ್ಣಿಗೆ ಬೀಳದ ಹಾಗೆ ಒಳಪುಟದಲ್ಲಿರಲಿ. ಮಗುವಿನ ಲಸಿಕೆ ಕೊಡುವ ದಿನವೇ ಪಕ್ಕದ ಕೋಣೆಯಲ್ಲಿ ಒಂದು ಟೇಬಲ್, ಒಂದು ಪರದೆ, ಒಂದು ಲೈಟ್, ಟ್ರೈನಿಂಗ್ ಆದ ಒಬ್ಬ ಸಿಸ್ಟರ್ ಇರಲಿ. ನಮ್ಮ ಸಿಸ್ಟರ್‌ಗಳಿಗೆ ಈಗಲೇ ಕೈತುಂಬ ಕೆಲಸ ಅಂತ ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಇರುವವರ ಮೇಲೆ ಹೊರಿಸದೆ ಇದಕ್ಕೇ ಅಂತ ಜನ ಕೊಡಬೇಕು. ಪರೀಕ್ಷೆಯಲ್ಲಿ ಆ ಜಾಗ ಬೆಳ್ಳಗೆ ಕಂಡವರನ್ನು ಎಲ್ಲಿಗೆ ಕಳಿಸಬೇಕು, ಯಾವ ದಿನ ಹೋಗಬೇಕು ಅನ್ನುವುದೂ ಮೊದಲೇ ನಿಕ್ಕಿ ಆಗಿರಬೇಕು. ಇಲ್ಲದಿದ್ದರೆ ಪರೀಕ್ಷೆ ಮಾಡಿ ಏನು ಬಂತು?

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಬಸುರಿಯರಿಗೆ ಎಚ್‌ಪಿವಿ ಬಗ್ಗೆ ಅರ್ಧ ಪುಟದಷ್ಟು, ದೊಡ್ಡ ಅಕ್ಷರದಲ್ಲಿ, ಸರಳ ಕನ್ನಡದಲ್ಲಿ ಒಮ್ಮೆ ಪ್ರಕಟಿಸಿ. ನಮ್ಮ ಹಳೆಯ ಸಿಸ್ಟರ್‌ಗಳು ಅದನ್ನು ಕತ್ತರಿಸಿ ಒಪಿಡಿಗಳಲ್ಲಿ ಅಂಟಿಸುತ್ತಾರೆ, ಅದಕ್ಕೆ ನಾನು ಜವಾಬ್ದಾರಿ. ತೂಕದ ಮೆಷಿನ್ ಎದುರಿನ ಗೋಡೆಗೆ ಹಾಕಿಸುತ್ತೇನೆ. ಬಸುರಿಯರೂ ಅವರ ಅಮ್ಮಂದಿರೂ ಜಾಸ್ತಿ ಹೊತ್ತು ಕೂತು ಕಾಯುವುದು ಅಲ್ಲೇ.

ಇಂತಿ,
ಒಬ್ಬ ನಿವೃತ್ತ ಶುಶ್ರೂಷಕಿ
ವಿಜಯನಗರ, ಬೆಂಗಳೂರು